ನುಗ್ಗೆಸೊಪ್ಪಿನ ನೀರು, ಸೋಮವಾರದ ನಳಿಕೆ

ಪಶುವೈದ್ಯ ಇಲಾಖೆಗೆ ಹೊಸದಾಗಿ ಸೇರಿದ ಹುಡುಗರು ಆಗಾಗ ನನ್ನನ್ನು ನೋಡಲು ಬರುತ್ತಾರೆ. ಅವರ ಮೋಟಾರ್ ಸೈಕಲ್ಲಿನ ಹಿಂದೆ ದ್ರವ ಸಾರಜನಕದ ಕ್ಯಾನು, ಅದರೊಳಗೆ ವರ್ಷಗಟ್ಟಲೆ ಕೆಡದೆ ಕೂತಿರುವ ವೀರ್ಯದ ಕಡ್ಡಿಗಳು. "ನಿಮ್ಮ ಕಾಲದಲ್ಲಿ ಕೆಲಸ ಆರಾಮವಾಗಿತ್ತು ಅಲ್ವಾ ಸಾರ್?" ಎನ್ನುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಬಾಯಲ್ಲಿ ಹೇಳಲು ಹೊರಟರೆ ಅರ್ಧಕ್ಕೇ ರೇಗಿ ನಿಲ್ಲಿಸಿಬಿಡುತ್ತೇನೆ, ಅದಕ್ಕೇ ಬರೆಯಲು ಕೂತಿದ್ದೇನೆ. ಬಡ್ತಿ, ವರ್ಗಾವಣೆಯ ಕಸರತ್ತು, ಬೀಳ್ಕೊಡುಗೆಯ ಶಾಲು ಇವೆಲ್ಲ ಇದರಲ್ಲಿಲ್ಲ. ಒಬ್ಬ ಸಾಹೇಬರು, ಒಂದು ಹಸು ಮತ್ತು ಒಂದು ಸೊಪ್ಪು ಇವೆ.

ಐವತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಹಾಸನದ ಪ್ರಯೋಗಾಲಯದಲ್ಲಿ ಸ್ಟಾಕ್‌ಮನ್ ಆಗಿ ಸೇರಿದೆ. ಸ್ಟಾಕ್‌ಮನ್ ಅಂದರೆ ಡಾಕ್ಟರ ಕೆಳಗೆ, ಜವಾನನ ಮೇಲೆ. ಬೈಗುಳ ಮಾತ್ರ ಎರಡೂ ಕಡೆಯಿಂದ. ನಮ್ಮ ಕೇರಿಯಲ್ಲಿ ಸರ್ಕಾರದ ಸಂಬಳ ತಂದ ಮೊದಲನೆಯವನು ನಾನು. ನನ್ನಪ್ಪ ಊರಿನ ಸತ್ತ ದನ ಎಳೆದವನು, ಮಗ ದನ ಹುಟ್ಟಿಸುವ ಕೆಲಸಕ್ಕೆ ಸೇರಿದ ಎಂದು ಕೇರಿಯವರೆಲ್ಲ ಹಿಗ್ಗಿದ್ದರು. ಆ ಹಿಗ್ಗು ನನ್ನ ಬೆನ್ನ ಮೇಲೆ ಎಷ್ಟು ಭಾರವಾಗಿ ಕೂತಿತ್ತು ಎಂಬುದು ಮುಂದೆ ಗೊತ್ತಾಗುತ್ತದೆ.

ಕೆಲಸದ ಬಗೆ ಹೀಗೆ. ಬೆಳಿಗ್ಗೆ ಸಿಂಧಿ ತಳಿಯ ಹೋರಿಯಿಂದ ವೀರ್ಯ ತೆಗೆಯುವುದು. ಸೂಕ್ಷ್ಮದರ್ಶಕದ ಕೆಳಗೆ ನೋಡಿ ಜೀವಾಣುಗಳು ಈಜುತ್ತಿವೆಯೇ ಎಂದು ಪರೀಕ್ಷಿಸುವುದು. ಕುದಿಸಿ ಆರಿಸಿದ ಸಿಟ್ರೇಟ್ ನೀರಿಗೆ ಕೋಳಿಮೊಟ್ಟೆಯ ಹಳದಿ ಬೆರೆಸಿ, ಅದರಲ್ಲಿ ವೀರ್ಯವನ್ನು ತೆಳುಮಾಡಿ, ಗಾಜಿನ ನಳಿಕೆಗಳಿಗೆ ತುಂಬಿ ನಿಧಾನವಾಗಿ ತಣ್ಣಗೆ ಮಾಡುವುದು. ಆಮೇಲೆ ನಳಿಕೆಗಳನ್ನು ಐಸು ತುಂಬಿದ ಥರ್ಮಾಸ್ ಫ್ಲಾಸ್ಕಿಗಿಳಿಸಿ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಕ್ಕೆ ಕಳಿಸುವುದು. ಹೆಪ್ಪುಗಟ್ಟಿಸುವ ವಿದ್ಯೆ ನಮಗಿರಲಿಲ್ಲ. ಐಸಿನಲ್ಲಿಟ್ಟರೆ ಎರಡು ದಿನ, ಪುಣ್ಯವಿದ್ದರೆ ಮೂರನೆಯ ದಿನದ ಬೆಳಗು. ಅಷ್ಟೇ ಅದರ ಆಯಸ್ಸು.

ಅಲ್ಲಿಂದ ನನ್ನನ್ನು ಹೊಳೆನರಸೀಪುರದ ಉಪಕೇಂದ್ರಕ್ಕೆ ಹಾಕಿದರು. ಸೀಮೆಎಣ್ಣೆಯಲ್ಲಿ ನಡೆಯುವ ಒಂದು ಫ್ರಿಜ್ಜು, ಹಳೆಯ ಸೂಕ್ಷ್ಮದರ್ಶಕ, ಒಂದು ಸೈಕಲ್ಲು. ಹಾಸನದಿಂದ ನಳಿಕೆ ಬರುತ್ತಿದ್ದುದು ಸೋಮವಾರದ ಬಸ್ಸಿಗೆ, ವಾರಕ್ಕೆ ಒಂದೇ ಸಲ. ಮೊದಲ ತಿಂಗಳಲ್ಲೇ ಒಂದು ಸೋಮವಾರ ಬಂದ ಫ್ಲಾಸ್ಕು ಮುಟ್ಟಿದರೆ ಬೆಚ್ಚಗಿತ್ತು. ಕೇಳಿದರೆ ಕಂಡಕ್ಟರು ಎದೆಯುಬ್ಬಿಸಿ ಹೇಳಿದ: "ಸರ್ಕಾರದ ಸಾಮಾನು ಅಂತ ಡ್ರೈವರ್ ಪಕ್ಕ ಇಂಜಿನ್ ಮ್ಯಾಲೇ ಇಟ್ಕೊಂಡ್ ಬಂದಿವ್ನಿ ಕಣಣ್ಣ. ಒಬ್ಬರ್ನೂ ಅಲ್ಲಿ ಕೂರಕ್ ಬಿಡ್ನಿಲ್ಲ." ಬಸ್ಸಿನಲ್ಲಿ ಅದೇ ಮರ್ಯಾದೆಯ ಜಾಗ. ಊರ ಪಟೇಲರಿಗೆ ಕೊಡುವ ಜಾಗವನ್ನು ನನ್ನ ಫ್ಲಾಸ್ಕಿಗೆ ಕೊಟ್ಟಿದ್ದ ಪುಣ್ಯಾತ್ಮ. ಅವನನ್ನು ಬಯ್ಯಲು ಬಾಯಿ ಬರಲಿಲ್ಲ. ಇಡೀ ವಾರದ ನಳಿಕೆಗಳು ಸತ್ತಿದ್ದವು.

ಹಾಸನಕ್ಕೆ ಹೋಗಿ ಸಾಹೇಬರಿಗೆ ವಿಷಯ ಹೇಳಿದೆ. ನಮ್ಮ ಸಾಹೇಬರು ಓದಿದವರು, ಅಚ್ಚುಕಟ್ಟಾದ ಕೋಟು, ಶೂಸಿಗೆ ಒಂದು ಚುಕ್ಕೆ ಸಗಣಿ ತಾಗದಂತೆ ಕೊಟ್ಟಿಗೆ ದಾಟುವ ಜಾಣರು. "ಕೊಟ್ಟುಬಿಡಯ್ಯ" ಎಂದರು.

"ಸತ್ತಿದೆ ಸಾರ್. ನಾನೇ ನೋಡಿದ್ದೀನಿ."

"ಹಸುವಿಗೇನು ಸೂಕ್ಷ್ಮದರ್ಶಕ ಇದೆಯೇನಯ್ಯ? ಕೊಟ್ಟುಬಿಡು. ಕೊಡಲಿಲ್ಲ ಅಂದ್ರೆ ಜನ ಇಲಾಖೇನ ಬೈತಾರೆ. ಕೊಟ್ಟು ಗಬ್ಬ ನಿಲ್ಲಲಿಲ್ಲ ಅಂದ್ರೆ ಹಸೂನ ಬೈತಾರೆ."

ಈ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಅದು ಬರೀ ಆ ಫ್ಲಾಸ್ಕಿನ ಮಾತಾಗಿರಲಿಲ್ಲ. ಸೋಮವಾರದ ಬಸ್ಸಿಗೆ ಹೊಂದಿಕೊಂಡು ಹಸು ಬೆದೆಗೆ ಬರುತ್ತದೆಯೇ? ಗುರುವಾರ, ಶುಕ್ರವಾರ ಬೆದೆಗೆ ಬಂದ ಹಸುಗಳಿಗೆಲ್ಲ ನಾನು ಸತ್ತ ವೀರ್ಯವನ್ನೇ ಹಾಕುತ್ತಿದ್ದೆ. ಹಾಕಿ, ರೈತರ ಮುಖ ನೋಡದೆ ಕೈ ತೊಳೆದುಕೊಂಡು ಬರುತ್ತಿದ್ದೆ. ಇಪ್ಪತ್ತೊಂದು ದಿನಕ್ಕೆ ಹಸು ಮತ್ತೆ ಬೆದೆಗೆ ಬರುವುದು, ಸಾಹೇಬರು ಕ್ಯಾಂಪಿಗೆ ಬಂದಾಗ ಜಗಲಿಯ ಮೇಲೆ ಕಾಫಿ ಕುಡಿಯುತ್ತ "ಮೇವು ಸರಿ ಇಲ್ಲ, ನಿಮ್ಮ ಹಸುವಿನಲ್ಲೇ ದೋಷ" ಎನ್ನುವುದು. ಎಷ್ಟು ಒಳ್ಳೆಯ ಹಸುಗಳಿಗೆ ಹೀಗೆ ಗೊಡ್ಡು ಎಂಬ ಹೆಸರು ಬಂತೋ! ಗೊಡ್ಡಾಗಿದ್ದದ್ದು ಹಸುವಲ್ಲ, ನಮ್ಮ ವ್ಯವಸ್ಥೆ.

ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ರಸ್ತೆಯ ಒಂದು ಊರಿನಲ್ಲಿ ಪುಟ್ಟತಾಯಮ್ಮ ಎಂಬ ಒಕ್ಕಲಗಿತ್ತಿ ಇದ್ದರು. ಗಂಡ ತೀರಿಕೊಂಡಿದ್ದ. ಮನೆಯ ಯಜಮಾನಿಕೆ ಮೈದುನ ರಂಗೇಗೌಡನದು. ಆಕೆಯ ಪಾಲಿಗೆ ಅಂತ ಇದ್ದದ್ದು ತವರಿಂದ ಹೊಡೆದುಕೊಂಡು ಬಂದ ಕೆಂದಿ ಎಂಬ ಹಸು. ಅದರ ಹಾಲಲ್ಲಿ ಬೆಣ್ಣೆ ತೆಗೆದು, ತುಪ್ಪ ಕಾಯಿಸಿ ಹೊಳೆನರಸೀಪುರದ ಸಂತೆಗೆ ತಂದು ಮಾರುತ್ತಿದ್ದರು. ಸೀರೆ, ಎಲೆಅಡಿಕೆ, ತವರಿಗೆ ಹೋಗುವ ಬಸ್ ಚಾರ್ಜು, ಎಲ್ಲ ಆ ತುಪ್ಪದಲ್ಲೇ. ಮೈದುನನ ಮುಂದೆ ಕೈಚಾಚದೆ ಬದುಕಲು ಆಕೆಗಿದ್ದದ್ದು ಅದೊಂದೇ ದಾರಿ. ಆ ಕೆಂದಿಗೆ ನಾನು ಮೂರು ಸಲ ನಳಿಕೆ ಹಾಕಿದ್ದೆ, ಮೂರು ಸಲವೂ ನಿಂತಿರಲಿಲ್ಲ. ಹಾಲು ಬತ್ತುತ್ತ ಬಂದಿತ್ತು.

ಮೂರನೆಯ ಸಲ ಹೋದಾಗ ಆಕೆ ಹಿತ್ತಲ ಒಲೆಯಲ್ಲಿ ತುಪ್ಪ ಕಾಯಿಸುತ್ತಿದ್ದರು. ನನಗೆ ನೀರು ಬೇಕಾಗಿತ್ತು. ಚೊಂಬಿನಿಂದ ಎತ್ತರಕ್ಕೆ ಹಿಡಿದು ಬೊಗಸೆಗೆ ಸುರಿದರು. ಅವರ ಹಸುವಿನ ಒಳಗೆ ಮೊಳಕೈವರೆಗೆ ಹೋಗಬಹುದಾದ ನನ್ನ ಕೈಗೆ ಅವರ ಚೊಂಬು ಮುಟ್ಟುವ ಯೋಗ್ಯತೆ ಇರಲಿಲ್ಲ. ಅದರ ಮೇಲಿನ ಸಿಟ್ಟು ಬೇರೆ, ಅದನ್ನು ಬರೆಯಲು ಹೊರಟರೆ ಇನ್ನೊಂದು ಪುಸ್ತಕವಾಗುತ್ತದೆ. ನೀರು ಕುಡಿದು ಮುಖ ಎತ್ತಿದಾಗ ಆಕೆ ಕುದಿಯುವ ಬೆಣ್ಣೆಗೆ ಒಂದು ಹಿಡಿ ನುಗ್ಗೆಸೊಪ್ಪು, ಮೇಲೊಂದು ವೀಳ್ಯದೆಲೆ ಹಾಕಿದರು.

"ಸೊಪ್ಪು ಯಾಕವ್ವ?" ಎಂದೆ.

"ಇನ್ಯಾಕೆ? ಆಕ್ದೆ ಕಾಯ್ಸಿದ್ರೆ ಎಂಟೇ ದಿನುಕ್ಕೆ ಕಮಟು ನಾತ ಬತ್ತದೆ. ಆಕುದ್ರೆ ಆರ್ ತಿಂಗ್ಳಾದ್ರೂ ಅಂಗೇ ಇರ್ತದೆ. ನಿಮ್ಮವ್ವ ಆಕಾಕಿಲ್ವ?"

ನಮ್ಮವ್ವನ ಮನೆಯಲ್ಲಿ ತುಪ್ಪ ಕಂಡಿದ್ದೇ ಅಪರೂಪ. ಆದರೆ ಸೈಕಲ್ ತುಳಿದುಕೊಂಡು ಬರುವಾಗ ಆ ಕಮಟು ಎಂಬ ಮಾತು ತಲೆಯಲ್ಲೇ ಕೊರೆಯಿತು. ಮೂರು ದಿನದ ನಳಿಕೆಯ ಹತ್ತಿಯ ಮುಚ್ಚಳ ತೆಗೆದರೆ ಬರುವುದೂ ಅದೇ ವಾಸನೆ. ಮೊಟ್ಟೆಯ ಹಳದಿಯಲ್ಲೂ ಜಿಡ್ಡಿದೆ, ಜೀವಾಣುವಿನ ಮೈಯಲ್ಲೂ ಜಿಡ್ಡಿದೆ ಎಂದು ಹಾಸನದ ಪಾಠದಲ್ಲಿ ಹೇಳಿದ್ದರು. ತುಪ್ಪ ಕಮಟು ಹಿಡಿಯುವ ಹಾಗೆ ಇದೂ ಹಿಡಿಯುತ್ತಿದ್ದರೆ? ತುಪ್ಪವನ್ನು ಕಾಯುವ ಸೊಪ್ಪು ಇದನ್ನೇಕೆ ಕಾಯಬಾರದು? ಈಚೆಗೆ ಒಬ್ಬ ಹುಡುಗ, ಅದಕ್ಕೆ ಆ್ಯಂಟಿಆಕ್ಸಿಡೆಂಟ್ ಅಂತಾರೆ ಸಾರ್, ಗಿಡಮೂಲಿಕೆಯ ರಸ ಹಾಕಿ ಈಗ ಎಲ್ಲೆಲ್ಲೋ ಪ್ರಯೋಗ ಮಾಡ್ತಿದ್ದಾರೆ ಎಂದು ನನಗೇ ಪಾಠ ಹೇಳಿದ. ನನಗೆ ಆ ಹೆಸರು ಗೊತ್ತಿರಲಿಲ್ಲ. ಪುಟ್ಟತಾಯಮ್ಮನಿಗೂ ಗೊತ್ತಿರಲಿಲ್ಲ.

ಪ್ರಯೋಗ ಶುರುಮಾಡಿದೆ. ಒಂದೊಂದು ನಳಿಕೆಯನ್ನೂ ಎರಡು ಭಾಗ ಮಾಡುವುದು, ಒಂದು ಇದ್ದ ಹಾಗೆ, ಇನ್ನೊಂದಕ್ಕೆ ಸೊಪ್ಪಿನ ನೀರಿನ ಹನಿ. ಮೊದಲು ವೀಳ್ಯದೆಲೆ. ಅದರ ಖಾರಕ್ಕೆ ಹನಿ ಬಿದ್ದ ಕ್ಷಣವೇ ಎಲ್ಲವೂ ಸತ್ತವು. ಆಮೇಲೆ ಯಾರೋ ಹೇಳಿದರೆಂದು ನೆಲ್ಲಿಕಾಯಿ ರಸ. ಹುಳಿ ಎಂಬ ಸಾಮಾನ್ಯ ಜ್ಞಾನವೂ ಇಲ್ಲದೆ ಹಾಗೇ ಹಾಕಿದ ಮೂರ್ಖ ನಾನು. ಹಾಲಿಗೆ ಹುಳಿ ಹಿಂಡಿದ ಹಾಗೆ ನಳಿಕೆಯೆಲ್ಲ ಒಡೆದುಹೋಯಿತು. ಹಸಿ ನುಗ್ಗೆಸೊಪ್ಪು ಅರೆದು ಸೋಸಿದರೆ ಹಸಿರು ಗಸಿ ಉಳಿದು ಮಾರನೆಯ ದಿನಕ್ಕೆ ಕೊಳೆತು ನಾರಿತು. ಕೊನೆಗೆ ಸೊಪ್ಪನ್ನು ನೆರಳಲ್ಲಿ ಒಣಗಿಸಿ, ಪುಡಿಮಾಡಿ, ಬಟ್ಟಿ ಇಳಿಸಿದ ನೀರಿನಲ್ಲಿ ಕಾಯಿಸಿ, ಸೋಸುವ ಕಾಗದದಲ್ಲಿ ಎರಡು ಸಲ ಇಳಿಸಿ, ಪೂರಾ ತಣ್ಣಗಾದ ಮೇಲೆ ಹಾಕಿದೆ. ನಾಲ್ಕು ಹನಿ ಹಾಕಿದರೆ ಸತ್ತವು. ಎರಡು ಹಾಕಿದರೆ ಬದುಕಿದವು.

ಬದುಕಿದವು ಎಂದರೆ ಹೇಗೆ! ಗುರುವಾರ ಬೆಳಿಗ್ಗೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಹನಿ ಹಾಕದ ಭಾಗದಲ್ಲಿ ಮಿಸುಕಾಟವೇ ಇಲ್ಲ, ಹನಿ ಹಾಕಿದ ಭಾಗದಲ್ಲಿ ಅರ್ಧಕ್ಕರ್ಧ ಮುಂದೆ ಮುಂದೆ ಈಜುತ್ತಿವೆ. ಶುಕ್ರವಾರವೂ ಈಜುತ್ತಿದ್ದವು. ನಾನು ಕೋಣೆಯಲ್ಲಿ ಒಬ್ಬನೇ ನಿಂತು ಗಟ್ಟಿಯಾಗಿ ನಕ್ಕೆ. ಎದುರು ಹೋಟೆಲಿನವನು ಇಣುಕಿ, "ಏನ್ ನಂಜಯ್ಯ, ನಿಧಿ ಸಿಕ್ತಾ?" ಎಂದ. ಅದೃಷ್ಟವೋ ಎಂಬಂತೆ ಅದೇ ಶುಕ್ರವಾರ ಕೆಂದಿ ಮತ್ತೆ ಬೆದೆಗೆ ಬಂದಿದೆಯೆಂದು ಪುಟ್ಟತಾಯಮ್ಮ ಹೇಳಿಕಳಿಸಿದರು. ನಾನು ಸೊಪ್ಪಿನ ನೀರಿನ ನಳಿಕೆಯನ್ನೇ ತೆಗೆದುಕೊಂಡು ಹೋಗಿ ಹಾಕಿದೆ. ಏನು ಹಾಕಿದೆ ಎಂದು ಆಕೆಗೆ ಹೇಳಿದೆ ಕೂಡ. "ತುಪ್ಪುದ್ ಸೊಪ್ಪ?" ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಆಗ್ಲಿ ಬುಡು, ನನ್ ಕೆಂದಿಗೆ ನನ್ ಸೊಪ್ಪೇ ಸರಿ."

ಸಾಹೇಬರಿಗೆ ಹೇಳಬೇಕು, ಹೇಳಿದರೆ ಹಾಸನದಲ್ಲೇ ಬೆರೆಸಿ ಮೂರೂ ತಾಲ್ಲೂಕಿಗೆ ಕಳಿಸಬಹುದು ಎಂದೆಲ್ಲ ಕನಸು ಕಟ್ಟಿದ್ದೆ. ಹೇಳುವ ಮೊದಲೇ ಅವರು ತಪಾಸಣೆಗೆ ಬಂದರು. ಫ್ರಿಜ್ಜು ತೆಗೆದು ಹಸಿರು ಶೀಷೆಗಳನ್ನು ನೋಡಿದರು.

"ಏನಯ್ಯ ಇದು?"

ಹೇಳಿದೆ. ಇಡೀ ಕಥೆ ಹೇಳಿದೆ. ಸೂಕ್ಷ್ಮದರ್ಶಕದ ಹತ್ತಿರ ಕುರ್ಚಿ ಎಳೆದು, "ಒಂದ್ಸಲ ನೋಡಿ ಸಾರ್, ಇವತ್ತಿಗೆ ನಾಲ್ಕನೇ ದಿನ" ಎಂದೆ. ಅವರು ಕೂರಲಿಲ್ಲ. ಕಣ್ಣನ್ನು ಆ ಕೊಳವೆಯ ಮೇಲಿಟ್ಟಿದ್ದರೆ ಸಾಕಿತ್ತು, ಒಂದು ನಿಮಿಷದ ಕೆಲಸ.

"ಇದೇನು ಪ್ರಯೋಗಾಲಯವೋ ತುಪ್ಪದ ಅಂಗಡಿಯೋ? ಓದಿದವರು ಮಾಡೋ ಕೆಲಸ ಓದಿದವರಿಗೆ ಬಿಡು. ನಿಮ್ಮಂಥವರಿಗೆ ಕೆಲಸ ಕೊಟ್ಟಿದ್ದೇ ಹೆಚ್ಚು, ಸಂಶೋಧನೆ ಬೇರೆ!"

ಶೀಷೆಗಳನ್ನು ನನ್ನ ಕೈಯಿಂದಲೇ ಮೋರಿಗೆ ಸುರಿಸಿದರು. ಒಂದಾದ ಮೇಲೊಂದು ನಾನೇ ಸುರಿದೆ, ಅವರು ನಿಂತು ನೋಡಿದರು. ಇಲಾಖೆಯ ಸಾಮಗ್ರಿಗೆ ಅನುಮತಿಯಿಲ್ಲದೆ ಅನ್ಯವಸ್ತು ಬೆರೆಸಿದ್ದೀಯ, ಇನ್ನೊಂದು ದೂರು ಬಂದರೆ ಮನೆಗೆ ಹೋಗಬೇಕಾಗುತ್ತದೆ ಎಂದು ಮೆಮೊ ಕೊಟ್ಟರು. ಅವರ ಕೋಟಿನ ಕಾಲರು ಹಿಡಿದು ಆ ಕುರ್ಚಿಯಲ್ಲಿ ಕೂರಿಸಬೇಕಿತ್ತು. ಹೆಂಡತಿ, ಎರಡು ಮಕ್ಕಳು, ನನ್ನ ಸಂಬಳ ನೋಡಿಕೊಂಡು ಕೂತ ಕೇರಿ. "ಆಗಲಿ ಸಾರ್" ಎಂದೆ.

ಕೆಂದಿಗೆ ಆ ನಳಿಕೆ ಹಾಕಿ ಎರಡೂವರೆ ತಿಂಗಳಾದ ಮೇಲೆ ಪುಟ್ಟತಾಯಮ್ಮನ ಊರಿನಲ್ಲಿ ಕ್ಯಾಂಪು ಹಾಕಿದರು. ಸಾಹೇಬರೂ ಬಂದಿದ್ದರು. ರಂಗೇಗೌಡ ಕೆಂದಿಯನ್ನು ಹೊಡೆದುಕೊಂಡು ಬಂದ, ಹಿಂದೆಯೇ ಪುಟ್ಟತಾಯಮ್ಮ. ಅವನಿಗೆ ಹಸುವನ್ನು ಕಳೆದುಕೊಳ್ಳುವ ಆತುರ. ಚನ್ನರಾಯಪಟ್ಟಣದ ಕಡೆಯ ದನದ ದಲ್ಲಾಳಿ ಒಬ್ಬ ಬಂದು ನಿಂತಿದ್ದ. ಗೊಡ್ಡು ಎಂದು ಇಲಾಖೆಯ ಚೀಟಿ ಕೊಟ್ಟರೆ ಹೊಡೆದುಕೊಂಡು ಹೋಗುತ್ತೇನೆ ಎಂದಿದ್ದ.

"ಬೆದೆನೇ ನಿಂತೋಗದೆ ಸಾ. ಬರೀ ಉಲ್ಲು ದಂಡ" ಎಂದ ರಂಗೇಗೌಡ.

"ಬೆದೆ ನಿಂತಿರೋದು ಗಬ್ಬ ಆಗಿರದ್ಕೇ ಇರ್ಬೋದಲ್ಲಪ್ಪ. ಒಸಿ ನೋಡ್ಲಿ ತಡಿ" ಎಂದರು ಪುಟ್ಟತಾಯಮ್ಮ.

"ನಿನ್ನ ಯಾರ್ ಕೇಳ್ದೋರು? ಲೇ ನಂಜ, ಕೈ ಆಕಿ ನೋಡ್ಲಾ ಬಿರ್ನೆ."

ಸಾಹೇಬರು ನನ್ನ ಹತ್ತಿರ ಬಂದರು. ನನ್ನ ಪುಸ್ತಕದಲ್ಲಿ ಕೆಂದಿಯ ಪುಟ ತೆಗೆದಿದ್ದರು. ಬೇರೆಯವರಿಗೆ ಕೇಳದ ಹಾಗೆ ಹೇಳಿದರು: "ಶುಕ್ರವಾರ ಕೊಟ್ಟಿದ್ದೀಯ. ಸೋಮವಾರದ ಮಾಲು ಶುಕ್ರವಾರಕ್ಕೆ ಬದುಕಿರಲ್ಲ. ಗಬ್ಬ ಆಗೋ ಪ್ರಶ್ನೆಯೇ ಇಲ್ಲ. ಅಕಸ್ಮಾತ್ ಆಗಿದೆ ಅಂದ್ರೆ ನೀನು ಆ ಸೊಪ್ಪಿನ ಗಲೀಜು ಹಾಕಿದ್ದೀಯ ಅಂತ ಅರ್ಥ. ಆಗ ನಾನು ಮೇಲಕ್ಕೆ ಬರೀಲೇಬೇಕಾಗುತ್ತೆ. ಯೋಚನೆ ಮಾಡಿ ಹೇಳು."

ಅವರಿಗೆ ಗೊತ್ತಿತ್ತು! ಶುಕ್ರವಾರದ ನಳಿಕೆ ಸತ್ತದ್ದೆಂದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೇ ಮೂರು ತಾಲ್ಲೂಕಿನ ರೈತರಿಗೆ ನಿಮ್ಮ ಹಸು ಸರಿಯಿಲ್ಲ ಎಂದು ಕಾಫಿ ಕುಡಿಯುತ್ತ ಹೇಳುತ್ತಿದ್ದರು. ನನ್ನ ಕಿವಿಯವರೆಗೆ ರಕ್ತ ಏರಿತು. ಆ ಸಿಟ್ಟಿನಲ್ಲೇ ತೋಳಿಗೆ ಸೋಪು ಹಚ್ಚಿಕೊಂಡು ಕೆಂದಿಯ ಒಳಗೆ ಕೈ ಹಾಕಿದೆ.

ಗರ್ಭಕೋಶದ ಒಂದು ಕೊಂಬು ಇನ್ನೊಂದಕ್ಕಿಂತ ದಪ್ಪವಾಗಿತ್ತು. ಒಳಗೆ ನೀರು ತುಂಬಿದ ಮೆತ್ತನೆಯ ಉಬ್ಬು. ಬೆರಳಿನಿಂದ ಸ್ವಲ್ಪ ಒತ್ತಿದರೆ ಸರಿದು ಮತ್ತೆ ಬಂತು. ಅನುಮಾನಕ್ಕೆ ಜಾಗವೇ ಇರಲಿಲ್ಲ. ಕೆಂದಿ ಗಬ್ಬವಾಗಿತ್ತು. ನಾಲ್ಕು ದಿನದ ನಳಿಕೆಯಿಂದ, ಪುಟ್ಟತಾಯಮ್ಮನ ಸೊಪ್ಪಿನಿಂದ, ನನ್ನ ಎರಡು ಹನಿಯಿಂದ ಆದ ಗಬ್ಬ.

"ಏನಯ್ಯ? ಏನಾದರೂ ಇದೆಯಾ?" ಎಂದು ಸಾಹೇಬರು ಗಟ್ಟಿಯಾಗಿ ಕೇಳಿದರು.

"ಏನೂ ಇಲ್ಲ ಸಾರ್" ಎಂದೆ.

ಚೀಟಿ ಬರೆಯಲು ಹೇಳಿದರು, ಬರೆದೆ. ಅವರು ಕೆಳಗೆ ಸಹಿ ಹಾಕಿದರು. ರಂಗೇಗೌಡ ಹಗ್ಗವನ್ನು ದಲ್ಲಾಳಿಯ ಕೈಗೆ ಕೊಟ್ಟ. ಪುಟ್ಟತಾಯಮ್ಮ ಹಸುವಿನ ಬೆನ್ನ ಮೇಲೆ ಒಂದು ಸಲ ಕೈಯಾಡಿಸಿ ಮನೆಯ ಕಡೆ ಹೋದರು. ನಾನು ತೋಳು ತೊಳೆದುಕೊಂಡೆ. ಮುಂದಿನ ಹಸುವನ್ನು ತಂದರು.

ಮುಂದಿನ ವರ್ಷ ನನ್ನನ್ನು ಚನ್ನರಾಯಪಟ್ಟಣಕ್ಕೆ ವರ್ಗ ಮಾಡಿದರು. ಶಾಂತಿಗ್ರಾಮದ ಕಡೆಯ ಗೌಡರೊಬ್ಬರು ಒಂದು ದಿನ ಕರು ಭೇದಿ ಮಾಡುತ್ತಿದೆ ಎಂದು ತಾಯಿಯ ಜೊತೆಗೇ ಹೊಡೆದುಕೊಂಡು ಬಂದರು. ತಾಯಿ ಕೆಂದಿ. ನೋಡಿದ ತಕ್ಷಣ ಗುರುತು ಹತ್ತಿತು. ಕರು ಹೆಣ್ಣು, ಕುತ್ತಿಗೆಯ ಕೆಳಗೆ ಆಗಲೇ ಸಿಂಧಿ ಹೋರಿಯ ಅಗಲವಾದ ಗಂಗೆದೊಗಲು ಇಳಿಬಿದ್ದಿತ್ತು. ನಮ್ಮ ಸೀಮೆಯ ಊರಗೂಳಿಗೆ ಹುಟ್ಟುವ ಕರುವಲ್ಲ ಅದು. ಯಾವಾಗ ಈದಿತು ಎಂದು ಕೇಳಿ ಬೆರಳೆಣಿಸಿದೆ, ಆ ಶುಕ್ರವಾರಕ್ಕೆ ಸರಿಯಾಗಿ ಹೊಂದಿತು.

"ಗೊಡ್ಡು ಅಂತ ಚೀಟಿನೇ ಕೊಟ್ಬುಟ್ಟವ್ರೆ ನೋಡಿ ಸಾ. ಅದ್ಕೇ ದಲ್ಲಾಳಿ ಅಗ್ಗುಕ್ಕೆ ಕೊಟ್ಟ. ಯಾವ್ ಕುರುಡ್ ನನ್ಮಗ ನೋಡಿದ್ನೋ!" ಎಂದು ಅವರು ಜೇಬಿನಿಂದ ಚೀಟಿ ತೆಗೆದು ತೋರಿಸಿ ನಕ್ಕರು. ಕೈಬರಹ ನನ್ನದೇ. ನಾನೂ ಅವರ ಜೊತೆ ನಕ್ಕೆ. ಅಷ್ಟು ನೀಚನಾಗಿದ್ದೆ. ಕರುವಿಗೆ ಔಷಧಿ ಕುಡಿಸಿ ಕಳಿಸಿದೆ.

ಭಾನುವಾರ ಬಸ್ಸು ಹತ್ತಿ ಪುಟ್ಟತಾಯಮ್ಮನ ಊರಿಗೆ ಹೋದೆ. ಕೆಂದಿಯ ಗೂಟದ ಜಾಗದಲ್ಲಿ ರಂಗೇಗೌಡ ಸೌದೆ ಒಟ್ಟಿದ್ದ. ಆಕೆ ಯಾರದೋ ಗದ್ದೆಯಲ್ಲಿ ಕಳೆ ಕಿತ್ತು ಆಗ ತಾನೇ ಬಂದಿದ್ದರು, ಕಾಲೆಲ್ಲ ಕೆಸರು. ಒಕ್ಕಲುಮನೆಯ ಹೆಂಗಸು ಪರರ ಗದ್ದೆಗೆ ಕೂಲಿಗೆ ಹೋಗುವುದೆಂದರೆ ಆ ಊರಿನಲ್ಲಿ ಎಂಥ ಅವಮಾನವೆಂದು ಗೊತ್ತಿದ್ದವರಿಗೆ ಗೊತ್ತು.

"ಅವ್ವ, ಕೆಂದಿ ಈದದೆ. ಎಣ್ಗರ. ನಿನ್ ಸೊಪ್ಪಿನ್ ಕರ ಅದು" ಎಂದೆ.

ಆಕೆ ಕಾಲು ತೊಳೆಯುತ್ತಲೇ ಇದ್ದರು. ತಲೆಯೆತ್ತದೆ, "ಚೆಂದಾಗದ?" ಎಂದರು.

"ಚೆಂದಾಗದೆ ಅವ್ವ." ಆಮೇಲೆ, ಯಾರೂ ಕೇಳದಿದ್ದರೂ, ಹೇಳಿದೆ: "ಅವತ್ತು ನಂಗೆ ಸರ್ಯಾಗಿ ಗೊತ್ತಾಗ್ನಿಲ್ಲ ಕಣವ್ವ. ಎರಡೂವರೆ ತಿಂಗ್ಳು ಅಂದ್ರೆ ಇನ್ನೂ ಎಳೇದು, ಕೈಗೆ ಸಿಕ್ಕಾಕಿಲ್ಲ."

ಪುಟ್ಟತಾಯಮ್ಮ ಚೊಂಬು ಕೆಳಗಿಟ್ಟು ನೆಟ್ಟಗೆ ನಿಂತರು.

"ಯಾಕ್ ಸುಳ್ಳೇಳಿಯಾ ನಂಜಯ್ಯ? ನಿನ್ ಕೈ ಒಳಗಿತ್ತು, ಮೊಕ ಈಚ್ಗೇ ಇತ್ತು. ನಾನು ನಿನ್ ಮೊಕಾನೇ ನೋಡ್ತಾ ನಿಂತಿದ್ದೆ."

ಅಷ್ಟು ಹೇಳಿ ಒಳಗೆ ಹೋದರು.